ಇರುಳಿನ ಹಾಡುಗಾರ ಚಿಮ್ಮಂಡೆ

ಮೃಗಶಿರ ಮಳೆ ಒಂದೆರಡು ಸಲ ಚೆನ್ನಾಗಿ ಬಿದ್ದು ನೆಲ ತಣಿಯಿತೆಂದರೆ ಹಿಮಾಯತ್‌ನಗರದ ರಾತ್ರಿಗಳಿಗೆ ಒಂದು ಹೊಸ ದನಿ ಬಂದು ಸೇರುತ್ತದೆ. ಹನ್ನೊಂದು ಗಂಟೆಯ ಸುಮಾರಿಗೆ ದೊಡ್ಡ ರಸ್ತೆಯ ಮೋಟಾರುಗಳ ಗದ್ದಲ ಕೊಂಚ ಇಳಿದು, ಎದುರು ಮನೆಯ ಟೆಲಿವಿಷನ್ನು ಬಾಯಿ ಮುಚ್ಚಿದ ಮೇಲೆ, ಕಾಂಪೌಂಡು ಗೋಡೆಯ ಬುಡದಿಂದಲೋ, ನೀರಿನ ಮೀಟರಿನ ಗುಂಡಿಯಿಂದಲೋ, ಯಾರೋ ಎಂದೋ ತಂದು ಹಾಕಿಸಿ ಮರೆತ ಇಟ್ಟಿಗೆಯ ರಾಶಿಯಿಂದಲೋ ಅದು ಹೊರಡುತ್ತದೆ. ಕಿರ್ರ್, ಕಿರ್ರ್, ಕಿರ್ರ್! ಸೆಕೆಂಡಿಗೆ ಎರಡು ಮೂರರಂತೆ, ತಾಳ ತಪ್ಪದೆ, ಬೆಳಗಿನ ಜಾವದವರೆಗೂ ನಡೆಯುವ ಕಚೇರಿ ಅದು. ಟಿಕೆಟ್ಟಿಲ್ಲ, ಧ್ವನಿವರ್ಧಕವಿಲ್ಲ, ಶಾಲು ಹೊದಿಸುವವರೂ ಇಲ್ಲ.

ಈ ಅಂಕಣದಲ್ಲಿ ಹಿಂದಿನ ಸಂಚಿಕೆಗಳಲ್ಲಿ ಹಲ್ಲಿ, ಗುಬ್ಬಿ, ಕೆಂಜಿಗ ಮುಂತಾಗಿ, ಬಾಡಿಗೆ ಕೊಡದೆ ನಮ್ಮೊಡನೆ ಸಂಸಾರ ಮಾಡಿಕೊಂಡಿರುವ ಕೆಲವರ ಪರಿಚಯ ಮಾಡಿಕೊಟ್ಟೆವು. ಈ ಸಲ ಚಿಮ್ಮಂಡೆಯನ್ನು ಆರಿಸಿಕೊಳ್ಳುವುದಕ್ಕೆ ಕಾರಣವುಂಟು. ನಮ್ಮ ಓದುಗರಾದ ಗೃಹಿಣಿಯೊಬ್ಬರು ಬರೆದು ಕೇಳಿದ್ದಾರೆ: "ನಮ್ಮ ಮನೆಯ ಹಿಂಭಾಗದಲ್ಲಿ ರಾತ್ರಿಯೆಲ್ಲ ಒಂದು ಹುಳು ಕಿರಗುಟ್ಟುತ್ತದೆ. ಮನೆಯವರು ಔಷಧ ಹೊಡೆಸಿಬಿಡೋಣ ಎನ್ನುತ್ತಾರೆ. ಮಗಳು ಅದನ್ನು ಕೊಲ್ಲಬೇಡಿ ಎಂದು ಅಳುತ್ತಾಳೆ. ನೀವೇ ಹೇಳಿ." ನ್ಯಾಯ ಹೇಳುವ ಮುನ್ನ ಆಪಾದಿತನ ಪೂರ್ವೋತ್ತರಗಳನ್ನು ತಿಳಿದುಕೊಳ್ಳುವುದು ಧರ್ಮ. ಆದ್ದರಿಂದ ಮೊದಲು ಅವನ ಕಥೆ, ಕೊನೆಗೆ ತೀರ್ಪು.

ಹೆಸರಿನಿಂದಲೇ ತೊಡಕು ಮೊದಲಾಗುತ್ತದೆ. ಚಿಮ್ಮಂಡೆ ಎಂದರೆ ನಮ್ಮಲ್ಲಿ ಕೆಲವರಿಗೆ ತಟ್ಟನೆ ತಿಳಿಯುತ್ತದೆ. ಕೆಲವರು ಇದನ್ನೇ ಜೀರುಂಡೆ ಎನ್ನುತ್ತಾರೆ. ಆದರೆ ಮಲೆನಾಡಿನವರ ಮುಂದೆ ಜೀರುಂಡೆ ಎಂದಿರೋ, ಅವರ ಕಣ್ಣ ಮುಂದೆ ಬರುವುದು ಮರದ ಕಾಂಡಕ್ಕೆ ಅಂಟಿಕೊಂಡು ಹಾಡುಹಗಲೇ ಕಾಡು ಬಿರಿಯುವಂತೆ ಚೀರುವ ಬೇರೊಂದು ಹುಳು. ಅದರ ಕುಲವೇ ಬೇರೆ, ಹಾಡುವ ಬಗೆಯೇ ಬೇರೆ. ಅದು ಹೊಟ್ಟೆಯ ಪಕ್ಕದಲ್ಲಿರುವ ಪೊರೆಗಳನ್ನು ಅದುರಿಸಿ ಸದ್ದು ಮಾಡುತ್ತದೆ. ನಮ್ಮ ಚಿಮ್ಮಂಡೆ ರೆಕ್ಕೆಗೆ ರೆಕ್ಕೆ ತೀಡಿ ಹಾಡುತ್ತದೆ. ಚಿಮ್ಮಂಡೆಯ ಹತ್ತಿರದ ಬಂಧು ಎಂದರೆ ಮಿಡತೆ. ಈ ಊರಿನ ತೆಲುಗರು ಇದನ್ನು ಕೀಚುರಾಯಿ ಎಂದು ಕರೆಯುತ್ತಾರೆ. ಉರ್ದು ಮಾತನಾಡುವವರು ಝೀಂಗುರ್ ಎನ್ನುತ್ತಾರೆ. ಸಂಸ್ಕೃತದಲ್ಲಿ ಝಿಲ್ಲಿ, ಝಿಲ್ಲಿಕಾ. ಮಹಾಭಾರತದ ವನಪರ್ವದಲ್ಲಿ ದಮಯಂತಿ ಒಂಟಿಯಾಗಿ ಅಲೆಯುವ ಕಾಡು ಝಿಲ್ಲಿಕೆಗಳ ದನಿಯಿಂದ ತುಂಬಿತ್ತೆಂದು ವರ್ಣನೆಯುಂಟು. ಇನ್ನು ಇಂಗ್ಲಿಷಿನ ಹೆಸರು ಕ್ರಿಕೆಟ್. ಆ ಹೆಸರು ಹೇಳಿದರೆ ನಮ್ಮ ಹುಡುಗರು ಉಪ್ಪಲ್ಲಿನ ಮೈದಾನದ ಕಡೆಗೆ ಮುಖ ಮಾಡುತ್ತಾರೆ! ಆಟಕ್ಕೂ ಹುಳುವಿಗೂ ನಂಟಿಲ್ಲ. ಹುಳುವಿನ ಹೆಸರು ಅದರ ದನಿಯಿಂದ ಹುಟ್ಟಿದ್ದು. ಎಲ್ಲ ಭಾಷೆಯವರೂ ಅದರ ಕೂಗನ್ನೇ ಅದಕ್ಕೆ ಹೆಸರಾಗಿ ಇಟ್ಟಂತೆ ಕಾಣುತ್ತದೆ.

ಚಿಮ್ಮಂಡೆಗಳಲ್ಲಿ ನೂರಾರು ಜಾತಿಗಳುಂಟು. ಅಡುಗೆಮನೆ, ಬಚ್ಚಲುಮನೆಗಳ ಸಂದಿಯಲ್ಲಿ ಸಿಕ್ಕುವ ಒಣಹುಲ್ಲಿನ ಬಣ್ಣದ, ಕಂದು ಪಟ್ಟಿಯ ಸಣ್ಣ ಜಾತಿ ಒಂದು. ಹೂಗಿಡಗಳ ಎಲೆಯ ಮೇಲೆ ಕೂರುವ ನವುರಾದ ತಿಳಿ ಬಣ್ಣದ ಮರಚಿಮ್ಮಂಡೆ ಇನ್ನೊಂದು. ನಾವು ಇಲ್ಲಿ ಮುಖ್ಯವಾಗಿ ಹೇಳಹೊರಟಿರುವುದು ನೆಲದ ಮೇಲೆ ಬಾಳುವ, ಹೊಳಪುಗಪ್ಪಿನ, ದಪ್ಪ ತಲೆಯ ಹೊಲದ ಚಿಮ್ಮಂಡೆಯ ವಿಷಯ. ಉದ್ದ ಸುಮಾರು ಒಂದು ಅಂಗುಲ. ರೆಕ್ಕೆಗಳು ಬೆನ್ನಿಗೆ ಸೇರುವ ಕಡೆ, ಎಡಕ್ಕೊಂದು ಬಲಕ್ಕೊಂದು, ಅರಿಸಿನದ ಬೊಟ್ಟಿಟ್ಟಂತೆ ಎರಡು ಮಚ್ಚೆ. ಈ ಗುರುತಿನಿಂದಲೇ ವಿಜ್ಞಾನಿಗಳು ಇದಕ್ಕೆ 'ಎರಡು ಮಚ್ಚೆಯದು' ಎಂಬರ್ಥದಲ್ಲಿ ಗ್ರಿಲ್ಲಸ್ ಬೈಮಾಕ್ಯುಲೇಟಸ್ ಎಂದು ಹೆಸರಿಟ್ಟರು. ಸ್ವೀಡನ್ ದೇಶದ ಡಿ ಗೀರ್ ಎಂಬ ಪಂಡಿತ ೧೭೭೩ರಲ್ಲಿ ಇಟ್ಟ ಹೆಸರದು. ಆಫ್ರಿಕದಿಂದ ಹಿಡಿದು ದಕ್ಷಿಣ ಯೂರೋಪಿನ ಕಡಲಂಚು, ನಮ್ಮ ದೇಶ ಮತ್ತು ಅದರಾಚೆಯ ಏಷ್ಯದವರೆಗೆ ಇದರ ನೆಂಟರಿಷ್ಟರು ಹರಡಿಕೊಂಡಿದ್ದಾರೆ. ವಲಸೆ ಬಂದವರ ಕಷ್ಟಸುಖ ನಮಗೆ ಗೊತ್ತು. ಹೋದ ಕಡೆಯಲ್ಲೆಲ್ಲ ನೆಲೆಯೂರುವ ಈ ಪ್ರಾಣಿಯ ಜಾಣ್ಮೆಯನ್ನು ಮೆಚ್ಚಲೇಬೇಕು.

ಹಾಡುವುದು ಗಂಡು ಮಾತ್ರ. ಹೆಣ್ಣು ಮೌನಿ. ಗಂಡಿನ ಮುಂದಿನ ರೆಕ್ಕೆಗಳನ್ನು ಭೂತಗನ್ನಡಿಯಲ್ಲಿ ನೋಡಿದರೆ ಗುಟ್ಟು ಬಯಲಾಗುತ್ತದೆ. ಬಲರೆಕ್ಕೆ ಎಡರೆಕ್ಕೆಯ ಮೇಲೆ ಮಡಿಸಿಕೊಂಡಿರುತ್ತದೆ. ಅದರ ಕೆಳಮೈಯಲ್ಲಿ ಒಂದು ದಪ್ಪ ನರ, ಆ ನರದ ಉದ್ದಕ್ಕೂ ಬಡಗಿಯ ಅರದಂತೆ ಸಾಲು ಹಲ್ಲುಗಳು; ನೂರಕ್ಕೂ ಮೀರಿ. ಎಡರೆಕ್ಕೆಯ ಅಂಚು ಗಟ್ಟಿಯಾಗಿ, ಗೀರುವ ಕಡ್ಡಿಯಂತಿರುತ್ತದೆ. ರೆಕ್ಕೆಗಳನ್ನು ಸ್ವಲ್ಪ ಎತ್ತಿ, ತೆರೆದು, ಮುಚ್ಚುವಾಗ ಆ ಅಂಚು ಈ ಹಲ್ಲುಗಳ ಮೇಲೆ ಹಾಯುತ್ತದೆ. ಬಾಚಣಿಗೆಯ ಹಲ್ಲಿನ ಮೇಲೆ ಉಗುರು ಎಳೆದರೆ ಹೇಗೋ ಹಾಗೆ. ತೆರೆಯುವಾಗ ಸದ್ದಿಲ್ಲ, ಮುಚ್ಚುವಾಗ ಮಾತ್ರ ಸದ್ದು. ರೆಕ್ಕೆಯಲ್ಲಿ ತೆಳುವಾದ, ತೊಗಲು ಬಿಗಿದಂತಿರುವ ಒಂದು ಭಾಗವುಂಟು. ತಂಬೂರಿಗೆ ಬುರುಡೆ ಹೇಗೋ ಆ ಭಾಗ ಇದಕ್ಕೆ ಹಾಗೆ. ತಂತಿ ಮಿಡಿದ ಸಣ್ಣ ಸದ್ದನ್ನು ಬುರುಡೆ ಹಿಗ್ಗಿಸುವಂತೆ ಅದು ದನಿಯನ್ನು ಹಿಗ್ಗಿಸುತ್ತದೆ.

ಒಂದು 'ಕಿರ್ರ್' ಎಂದರೆ ನಮ್ಮ ಕಿವಿಗೆ ಒಂದೇ ಸದ್ದು. ನಿಜಕ್ಕೂ ಅದು ಮೂರು ನಾಲ್ಕು ಸಲ ರೆಕ್ಕೆ ಮುಚ್ಚಿದ್ದರ ಮೊತ್ತ. ಒಂದೊಂದು ಸಲ ಮುಚ್ಚಿದಾಗಲೂ ಗಾಳಿ ಸೆಕೆಂಡಿಗೆ ಸುಮಾರು ಐದು ಸಾವಿರ ಸಲದ ವೇಗದಲ್ಲಿ ಅದುರುತ್ತದೆ. ಪಿಯಾನೋ ವಾದ್ಯದ ಕಟ್ಟಕಡೆಯ ಮನೆ ಒತ್ತಿದರೆ ಬರುವ ಸ್ವರದ ವೇಗ ೪,೧೮೬. ನಮ್ಮ ಹಿತ್ತಿಲಿನ ವಿದ್ವಾಂಸ ಅದಕ್ಕೂ ಮೇಲಿನ ಸ್ಥಾಯಿಯಲ್ಲಿ, ಶ್ರುತಿ ತಪ್ಪದೆ, ಗಂಟೆಗಟ್ಟಲೆ ಹಾಡುತ್ತಾನೆ. ಅದೂ ಗಂಟಲಿಲ್ಲದೆ.

ಇಷ್ಟು ಹತ್ತಿರದಲ್ಲಿ ಇಷ್ಟು ಜೋರಾಗಿ ಕೂಗಿಕೊಂಡರೆ ಅವನ ಕಿವಿ ಕಿವುಡಾಗುವುದಿಲ್ಲವೇ? ಒಳ್ಳೆಯ ಪ್ರಶ್ನೆ. ಇದಕ್ಕೆ ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ಪೌಲೆಟ್ ಮತ್ತು ಹೆಡ್‌ವಿಗ್ ಎಂಬಿಬ್ಬರು ವಿಜ್ಞಾನಿಗಳು ಇದೇ ಎರಡು ಮಚ್ಚೆಯ ಚಿಮ್ಮಂಡೆಯಲ್ಲಿ ಉತ್ತರ ಹುಡುಕಿದರು. ರೆಕ್ಕೆಯಾಡಿಸಲು ಅಪ್ಪಣೆ ಹೊರಟಾಗಲೆಲ್ಲ, ಅದೇ ಕ್ಷಣದಲ್ಲಿ ಕಿವಿಯ ನರಗಳಿಗೂ ಒಂದು ನಕಲು ಹೋಗುತ್ತದೆ: 'ಈಗ ಬರುವ ಸದ್ದು ನಮ್ಮದೇ, ಲಕ್ಷ್ಯ ಕೊಡಬೇಡ' ಎಂದು. ಹಾಗೆ ನಕಲು ಒಯ್ಯುವ ಒಂದೇ ಒಂದು ನರಕೋಶವನ್ನು ಅವರು ೨೦೦೬ರಲ್ಲಿ ಗುರುತಿಸಿ ತೋರಿಸಿದರು. ಮೂಲ ಕಾಗದ ಒಂದು ಶಾಖೆಗೆ, ನಕಲು ಇನ್ನೊಂದು ಶಾಖೆಗೆ! ಸರ್ಕಾರಿ ಕಚೇರಿಯ ಪದ್ಧತಿ ಹುಳುವಿನ ಮೈಯಲ್ಲೂ ನಡೆದಿದೆ. ವ್ಯತ್ಯಾಸವೆಂದರೆ ಅಲ್ಲಿ ನಕಲು ತಡವಾಗುವುದಿಲ್ಲ.

ಕಿವಿ ಎಂದೆವು. ಆ ಕಿವಿ ಇರುವುದೆಲ್ಲಿ ಗೊತ್ತೆ? ತಲೆಯಲ್ಲಲ್ಲ, ಮುಂಗಾಲುಗಳಲ್ಲಿ, ಮೊಣಕಾಲಿನ ಸ್ವಲ್ಪ ಕೆಳಗೆ. ಅಲ್ಲಿ ಒಂದು ಪುಟ್ಟ ಪೊರೆ ಬಿಳಿ ಚುಕ್ಕೆಯಂತೆ ಕಾಣುತ್ತದೆ. ಹೊರಗಿನಿಂದ ಬಂದ ಸದ್ದು ಪೊರೆಯ ಹೊರಮೈಗೆ ಬಡಿಯುತ್ತದೆ. ಎದೆಯ ಪಕ್ಕದ ಉಸಿರುರಂಧ್ರದಿಂದ ಒಳಹೊಕ್ಕ ಸದ್ದು ಕಾಲಿನೊಳಗಿನ ಗಾಳಿಕೊಳವೆಯ ಮೂಲಕ ಬಂದು ಒಳಮೈಗೂ ಬಡಿಯುತ್ತದೆ. ಒಳಗಿನ ಹೊರಗಿನ ಈ ಎರಡರ ವ್ಯತ್ಯಾಸದಿಂದ ಹೆಣ್ಣು ಚಿಮ್ಮಂಡೆ ಹಾಡುಗಾರ ಯಾವ ದಿಕ್ಕಿನಲ್ಲಿದ್ದಾನೆಂದು ತಿಳಿಯುತ್ತದೆ. ನಾವೋ, ಟಾರ್ಚು ಹಿಡಿದು ಹಿತ್ತಿಲೆಲ್ಲ ಸುತ್ತಿದರೂ ದನಿ ಎಲ್ಲಿಂದ ಬರುತ್ತಿದೆಯೆಂದು ಹೇಳಲಾರೆವು. ಹತ್ತಿರ ಹೋದ ಕೂಡಲೇ ಹಾಡು ನಿಲ್ಲುತ್ತದೆ. ಅವನ ಬಾಲದ ತುದಿಯಲ್ಲಿ ಎರಡು ಕೂದಲ ಕಡ್ಡಿಗಳಿವೆ. ನಮ್ಮ ಓಡಾಟದಿಂದ ಗಾಳಿ ಕದಲಿದ್ದು ಅವಕ್ಕೆ ಒಡನೆ ತಿಳಿಯುತ್ತದೆ.

ಹೆಣ್ಣು ಬರುವುದು ಹಾಡು ಕೇಳಿಯೋ, ಗಂಡನ್ನು ಕಂಡೋ, ವಾಸನೆ ಹಿಡಿದೋ? ವಿಯೆನ್ನಾ ನಗರದಲ್ಲಿ ರೆಗೆನ್ ಎಂಬ ಶಾಲಾ ಉಪಾಧ್ಯಾಯರು ಇದನ್ನು ೧೯೧೩ರಲ್ಲಿ ಬಹಳ ಸೊಗಸಾಗಿ ತೀರ್ಮಾನಿಸಿದರು. ಯೂರೋಪಿನ ಹೊಲದ ಚಿಮ್ಮಂಡೆಯ ಗಂಡನ್ನು ಒಂದು ಕಡೆ ಟೆಲಿಫೋನಿನ ಮುಂದೆ ಹಾಡಲು ಬಿಟ್ಟರು. ಹೆಣ್ಣನ್ನು ದೂರದಲ್ಲಿ ತಂತಿಯ ಇನ್ನೊಂದು ತುದಿಯ ಬಳಿ ಇಟ್ಟರು. ಗಂಡಿನ ಮುಖವಿಲ್ಲ, ವಾಸನೆಯಿಲ್ಲ. ತಂತಿಯಲ್ಲಿ ಬಂದ ದನಿ ಮಾತ್ರ. ಹೆಣ್ಣು ನೆಟ್ಟಗೆ ಟೆಲಿಫೋನಿನ ಬಳಿಗೆ ನಡೆದುಬಂದಿತು. ಊರಿನಲ್ಲಿರುವ ತಾಯಿಯ ದನಿ ಫೋನಿನಲ್ಲಿ ಕೇಳಿ ಕಣ್ಣೊರೆಸಿಕೊಂಡ ನಮ್ಮಂಥವರಿಗೆ ಆ ಹೆಣ್ಣು ಚಿಮ್ಮಂಡೆಯ ಮನಸ್ಸು ಅರ್ಥವಾಗದಿರದು.

ಹಾಡುಗಳಲ್ಲಿಯೂ ಬಗೆಯುಂಟು. ದೂರದ ಹೆಣ್ಣನ್ನು ಕರೆಯುವ ಹಾಡು ಜೋರು. ನಾವು ರಾತ್ರಿ ಕೇಳುವುದು ಅದೇ. ಹೆಣ್ಣು ಹತ್ತಿರ ಬಂದ ಮೇಲೆ ರಾಗ ಬದಲಾಗುತ್ತದೆ. ಮೆಲ್ಲನೆಯ, ಓಲೈಸುವ ಬೇರೊಂದು ಹಾಡು. ಇನ್ನೊಬ್ಬ ಗಂಡು ಎದುರಾದರೆ ಮೂರನೆಯದು: ಉದ್ದುದ್ದನೆಯ, ಒರಟಾದ ಸಮರಗೀತ. ಮೊದಲು ಮೀಸೆಗೆ ಮೀಸೆ ತಾಗಿಸಿ ಪರೀಕ್ಷೆ, ಆಮೇಲೆ ದವಡೆ ಅಗಲಿಸಿ ಬೆದರಿಕೆ, ಅದಕ್ಕೂ ಜಗ್ಗದಿದ್ದರೆ ಕುಸ್ತಿ. ಗೆದ್ದವನು ನಿಂತು ಹಾಡುತ್ತಾನೆ. ಸೋತವನು ಓಡುತ್ತಾನೆ, ಮತ್ತೆ ಕೆಲವು ಗಂಟೆಗಳ ಕಾಲ ಯಾರೊಡನೆಯೂ ಜಗಳಕ್ಕೆ ಹೋಗುವುದಿಲ್ಲ. ಚೀನದಲ್ಲಿ ಚಿಮ್ಮಂಡೆಗಳ ಕಾಳಗ ಶತಮಾನಗಳಿಂದ ನಡೆದುಬಂದ ವಿನೋದ. ಹದಿಮೂರನೆಯ ಶತಮಾನದಲ್ಲಿ ಸೊಂಗ್ ಅರಸರ ಮಂತ್ರಿಯಾಗಿದ್ದ ಜಿಯಾ ಸಿದಾವೊ ಎಂಬವನು ಚಿಮ್ಮಂಡೆಗಳ ಮೇಲೆ ಒಂದು ಗ್ರಂಥವನ್ನೇ ಬರೆದನೆಂದು ಪ್ರಸಿದ್ಧಿ. ಮಂಗೋಲರು ರಾಜ್ಯದ ಮೇಲೆ ಏರಿಬರುತ್ತಿದ್ದಾಗಲೂ ಅವನ ಲಕ್ಷ್ಯ ಹುಳುವಿನ ಮೇಲಿತ್ತೆಂದು ಜನ ಅವನನ್ನು ಇಂದಿಗೂ ಹಳಿಯುತ್ತಾರೆ. ಸೋತ ಹುಳುವನ್ನು ಅಂಗೈಯಲ್ಲಿ ಕುಲುಕಿ ಮೇಲಕ್ಕೆ ಎಸೆದು ಹಿಡಿದರೆ ಮತ್ತೆ ಕಾಳಗಕ್ಕೆ ನಿಲ್ಲುತ್ತದೆಂದು ಅಲ್ಲಿನ ಪಳಗಿದವರು ಬಲ್ಲರು. ಇದು ಬರಿಯ ನಂಬಿಕೆಯಲ್ಲ. ಸೋತ ಚಿಮ್ಮಂಡೆಗೆ ಸ್ವಲ್ಪ ಹೊತ್ತು ಹಾರಾಡಿಸಿದರೆ ಧೈರ್ಯ ಮರಳಿ ಬರುವುದೆಂದು ಜರ್ಮನಿಯ ಹಾಫ್‌ಮನ್ ಮತ್ತು ಸ್ಟೀವನ್‌ಸನ್ ೨೦೦೦ದಲ್ಲಿ ಇದೇ ಜಾತಿಯ ಹುಳುವಿನಲ್ಲಿ ತೋರಿಸಿದರು. ಪರೀಕ್ಷೆಯಲ್ಲಿ ಸೋತು ಮೂಲೆ ಹಿಡಿದ ಹುಡುಗರಿಗೂ ಪಾಠಕ್ಕಿಂತ ಮೊದಲು ಮೈದಾನದಲ್ಲಿ ಒಂದು ಓಟ ಬೇಕಾದೀತು.

ಚಿಮ್ಮಂಡೆಯ ರಕ್ತ ನಮ್ಮದರಂತೆ ಬಿಸಿಯಾಗಿ ನಿಲ್ಲತಕ್ಕದ್ದಲ್ಲ. ಹವೆ ಬೆಚ್ಚಗಿದ್ದರೆ ರೆಕ್ಕೆ ಬೇಗ ಆಡುತ್ತದೆ, ತಣ್ಣಗಾದರೆ ನಿಧಾನ. ಅಮೆರಿಕದ ಡಾಲ್ಬೇರ್ ಎಂಬ ಭೌತಶಾಸ್ತ್ರಜ್ಞರು ೧೮೯೭ರಲ್ಲಿ ಇದಕ್ಕೆ ಒಂದು ಲೆಕ್ಕ ಕಟ್ಟಿ 'ಚಿಮ್ಮಂಡೆಯೆಂಬ ಉಷ್ಣಮಾಪಕ' ಎಂಬರ್ಥದ ಲೇಖನ ಬರೆದರು. ಅಲ್ಲಿನ ಒಂದು ಮರಚಿಮ್ಮಂಡೆ ಹದಿನಾಲ್ಕು ಸೆಕೆಂಡುಗಳಲ್ಲಿ ಎಷ್ಟು ಸಲ ಕೂಗಿತೋ ಅದಕ್ಕೆ ನಲವತ್ತು ಕೂಡಿಸಿದರೆ ಫ್ಯಾರನ್‌ಹೀಟಿನಲ್ಲಿ ಹವೆಯ ಬಿಸಿ ಬಂತು ಎಂದು ಆ ಲೆಕ್ಕವನ್ನು ಜನ ಈಗ ಸುಲಭ ಮಾಡಿಕೊಂಡಿದ್ದಾರೆ. ನಮ್ಮ ಕರಿಯ ಚಿಮ್ಮಂಡೆಗೆ ಆ ಅಂಕಿ ಹೊಂದುವುದಿಲ್ಲ. ಆದರೆ ನಿಯಮ ಅದೇ. ಮಕ್ಕಳು ಜೂನಿನ ಒಂದು ಸೆಕೆಯ ರಾತ್ರಿಯಲ್ಲೂ ಚಳಿಗಾಲದ ಒಂದು ರಾತ್ರಿಯಲ್ಲೂ ಎಣಿಸಿ ನೋಡಿದರೆ ತಾವೇ ಕಂಡುಕೊಳ್ಳಬಹುದು. ಇಲ್ಲಿ ಇನ್ನೊಂದು ಸೋಜಿಗ. ಚಳಿಯಲ್ಲಿ ಗಂಡಿನ ಹಾಡು ನಿಧಾನವಾದರೆ ಹೆಣ್ಣು ಅದನ್ನು ಪರಜಾತಿಯ ಹಾಡೆಂದು ತಿಳಿದು ಬಿಟ್ಟುಬಿಡಬೇಕಷ್ಟೆ? ಹಾಗಾಗುವುದಿಲ್ಲ. ಚಳಿಯಲ್ಲಿ ಹೆಣ್ಣಿನ ರುಚಿಯೂ ನಿಧಾನದ ಕಡೆಗೆ ತಿರುಗುತ್ತದೆ. ಸಂಸಾರವೆಂದರೆ ಹೀಗಿರಬೇಕು.

ಹೆಣ್ಣನ್ನು ಗುರುತಿಸುವುದು ಸುಲಭ. ಬಾಲದ ಎರಡು ಕಡ್ಡಿಗಳ ನಡುವೆ ದಬ್ಬಣದಂಥ ಮೂರನೆಯ ನೀಳ ಕಡ್ಡಿ ಇದ್ದರೆ ಅದು ಹೆಣ್ಣು. ಆ ದಬ್ಬಣವನ್ನು ಹಸಿಮಣ್ಣಿಗೆ ಚುಚ್ಚಿ ಒಂದೊಂದಾಗಿ ಮೊಟ್ಟೆಯಿಡುತ್ತದೆ. ಬದುಕಿನಲ್ಲಿ ಒಟ್ಟು ಹಲವು ನೂರು. ಮೊಟ್ಟೆಗಳು ಅಕ್ಕಿಯ ನುಚ್ಚಿನಂತೆ, ಸ್ವಲ್ಪ ಬಾಗಿ, ಮಾಸಲು ಹಳದಿಯಾಗಿರುತ್ತವೆ. ಮಣ್ಣು ಒಣಗಿದರೆ ಮೊಟ್ಟೆ ಸತ್ತುಹೋಗುತ್ತದೆ. ಆದ್ದರಿಂದಲೇ ಮೊದಲ ಮಳೆಗೂ ಚಿಮ್ಮಂಡೆಗೂ ಇಷ್ಟು ನಂಟು. ನಿತ್ಯವೂ ನೀರು ಕಾಣುವ ತುಳಸಿಯ ಕಟ್ಟೆ, ಹೂವಿನ ಕುಂಡ, ಹುಲ್ಲುಹಾಸು ಇದ್ದರೆ ಬೇಸಿಗೆಯಲ್ಲೂ ಅದಕ್ಕೆ ಆಸರೆ. ಬೆಚ್ಚಗಿನ ದಿನಗಳಲ್ಲಿ ಹತ್ತು ಹನ್ನೆರಡು ದಿನಕ್ಕೆ ಮೊಟ್ಟೆಯೊಡೆದು ಇರುವೆಯಷ್ಟು ಗಾತ್ರದ ಮರಿ ಹೊರಬೀಳುತ್ತದೆ.

ಚಿಟ್ಟೆಯ ಮಕ್ಕಳು ಕಂಬಳಿಹುಳುಗಳಾಗಿ, ಕೋಶದಲ್ಲಿ ಮಲಗೆದ್ದು, ತಾಯಿಯ ರೂಪ ಪಡೆಯುತ್ತವೆ. ಚಿಮ್ಮಂಡೆಗೆ ಆ ವೇಷಾಂತರವಿಲ್ಲ. ಮರಿ ಹುಟ್ಟುವಾಗಲೇ ಚಿಮ್ಮಂಡೆಯ ಆಕಾರ; ಇಲ್ಲದ್ದು ರೆಕ್ಕೆ ಮಾತ್ರ. ಮೈ ಬೆಳೆದಂತೆ ತೊಗಲು ಬಿಗಿಯಾಗುತ್ತದೆ. ಬೆಳೆದ ಹುಡುಗನ ಅಂಗಿಯಂತೆ ಅದನ್ನು ಕಳಚಿ ಹೊಸದು ತೊಡಬೇಕು. ಹೀಗೆ ಎಂಟು ಸಲವೋ ಇನ್ನೂ ಒಂದೆರಡು ಹೆಚ್ಚು ಸಲವೋ ಪೊರೆ ಕಳಚುತ್ತದೆ. ಕಳಚಿದ ಗಳಿಗೆಯಲ್ಲಿ ಮೈ ಹಾಲಿನಂತೆ ಬೆಳ್ಳಗೆ, ಮೆತ್ತಗೆ. ಕೆಲವೇ ಗಂಟೆಗಳಲ್ಲಿ ಗಟ್ಟಿಯಾಗಿ ಕಪ್ಪೇರುತ್ತದೆ. ಆ ಮೆತ್ತನೆಯ ಹೊತ್ತು ಅಪಾಯದ್ದು. ಹಸಿದ ಒಡಹುಟ್ಟಿದವರೇ ತಿಂದುಹಾಕುವುದುಂಟು. ಕೊನೆಯ ಪೊರೆ ಕಳಚಿದಾಗ ರೆಕ್ಕೆ ಬಿಚ್ಚುತ್ತದೆ. ಕೆಲವು ದಿನಗಳಲ್ಲಿ ಗಂಡು ಹಾಡಲು ತೊಡಗುತ್ತದೆ. ಮೊಟ್ಟೆಯೊಡೆದು ಪ್ರಾಯಕ್ಕೆ ಬರಲು ಬೆಚ್ಚಗಿನ ಹವೆಯಲ್ಲಿ ಒಂದೂವರೆ ಎರಡು ತಿಂಗಳು. ಆಮೇಲಿನ ಬಾಳು ಹೆಚ್ಚೆಂದರೆ ಎರಡು ಮೂರು ತಿಂಗಳು. ಯೂರೋಪಿನ ಬಂಧು ಚಳಿಗಾಲವನ್ನು ಬಿಲದಲ್ಲಿ ಮಲಗಿ ಕಳೆಯುತ್ತದೆ. ನಮ್ಮದಕ್ಕೆ ಆ ಕಟ್ಟುಪಾಡಿಲ್ಲ. ಬಿಸಿಯೂ ತೇವವೂ ಇದ್ದರೆ ವರ್ಷವಿಡೀ ತಲೆಮಾರಿನ ಮೇಲೆ ತಲೆಮಾರು.

ಮನೆ ಕಟ್ಟುವುದರಲ್ಲೂ ಇದು ಸರಳಜೀವಿ. ಆಳವಾದ ಬಿಲ ತೋಡುವ ಹಟವಿಲ್ಲ. ಕಲ್ಲಿನ ಅಡಿ, ನೆಲದ ಬಿರುಕು, ಒಣಎಲೆಯ ರಾಶಿ, ಏನಾದರೂ ಸಾಕು. ಊಟಕ್ಕೂ ಆಯ್ಕೆಯಿಲ್ಲ: ಎಳೆಹುಲ್ಲು, ಮೊಳಕೆ, ಬಿದ್ದ ಹಣ್ಣು, ಸತ್ತ ಹುಳು, ಮಕ್ಕಳು ಚೆಲ್ಲಿದ ರೊಟ್ಟಿಯ ಚೂರು. ಹಿಮಾಯತ್‌ನಗರದಲ್ಲಿ ಹಿಂದೆ ಬಂಗಲೆಗಳ ಸುತ್ತ ಮಾವು, ಬೇವು, ಸೀಬೆ ಗಿಡಗಳ ಹಿತ್ತಿಲುಗಳಿದ್ದುವು. ಅವು ಒಂದೊಂದಾಗಿ ಬಹುಮಹಡಿಯ ಮನೆಗಳಾಗಿ, ಅಂಗಳಕ್ಕೆ ಗಾರೆ ಬಿದ್ದು, ಮೊಟ್ಟೆಯಿಡುವುದಕ್ಕೆ ಒಂದು ಹಿಡಿ ಹಸಿಮಣ್ಣು ಸಿಕ್ಕುವುದೇ ಕಷ್ಟವಾಗಿದೆ. ಉಳಿದಿರುವುದು ಗೋಡೆಯ ಬುಡದ ಗೇಣಗಲದ ಮಣ್ಣು, ಮಹಡಿಯ ಕುಂಡ, ಇಂದಿರಾ ಪಾರ್ಕಿನಂಥ ಉದ್ಯಾನ. ಆ ಗೇಣಗಲದಿಂದ ಬರುವ ಹಾಡೇ ನಾವು ಕೇಳುವುದು. ಮಳೆ ಬಂದ ಮರುದಿನ ಕೆಲವು ದೀಪದ ಬೆಳಕಿಗೆ ಹಾರಿಬಂದು ಮೂರನೆಯ ಮಹಡಿಯ ವರಾಂಡದಲ್ಲಿ ಬಿದ್ದಿರುವುದೂ ಉಂಟು. ಕಚ್ಚುವ ಭಯ ಬೇಡ. ಅವು ದಾರಿ ತಪ್ಪಿದ ಪ್ರಯಾಣಿಕರು.

ಹಾಡುವವನಿಗೆ ಶತ್ರುಗಳೂ ಹೆಚ್ಚು. ಹಲ್ಲಿ, ಕಪ್ಪೆ, ಬೆಕ್ಕು, ಗೂಬೆ ಎಲ್ಲಕ್ಕೂ ಆ ದನಿ ಊಟದ ಗಂಟೆ. ಅಮೆರಿಕದ ಕಡೆ ಒಂದು ನೊಣವುಂಟು. ಅದು ಚಿಮ್ಮಂಡೆಯ ಹಾಡನ್ನು ಕೇಳಿಯೇ ಹುಡುಕಿ ಬಂದು ತನ್ನ ಮರಿಗಳನ್ನು ಅದರ ಮೇಲೆ ಬಿಡುತ್ತದೆ, ಮರಿಗಳು ಒಳಹೊಕ್ಕು ತಿನ್ನುತ್ತವೆ. ಈ ನೊಣ ಹವಾಯಿ ದ್ವೀಪಗಳನ್ನೂ ಹೊಕ್ಕಿತು. ಅಲ್ಲಿನ ಕವಾಯಿ ಎಂಬ ದ್ವೀಪದಲ್ಲಿ ಮಾರ್ಲಿನ್ ಜಕ್ ಎಂಬ ವಿಜ್ಞಾನಿ ೨೦೦೩ರಲ್ಲಿ ನೋಡಿದಾಗ ಚಿಮ್ಮಂಡೆಗಳು ಬೇಕಾದಷ್ಟಿದ್ದುವು, ಹಾಡು ಮಾತ್ರ ಬಹುಮಟ್ಟಿಗೆ ನಿಂತುಹೋಗಿತ್ತು. ಗಂಡುಗಳ ರೆಕ್ಕೆಯಲ್ಲಿ ಅರದ ಹಲ್ಲೇ ಅಳಿಸಿಹೋದಂತಾಗಿ ಹೆಣ್ಣಿನ ರೆಕ್ಕೆಯಂತೆ ನಯವಾಗಿತ್ತು. ಕೆಲವೇ ವರ್ಷಗಳಲ್ಲಿ ಮೂಕರೇ ಉಳಿದುಕೊಂಡರು. ಹಾಡದೆ ಬದುಕುವುದು ಸಾಧ್ಯ, ಆದರೆ ಅವರಿಗೂ ಹೆಣ್ಣು ಸಿಕ್ಕಬೇಕಾದರೆ ಅಳಿದುಳಿದ ಒಬ್ಬಿಬ್ಬ ಹಾಡುಗಾರರ ಸಮೀಪದಲ್ಲಿ ಹೊಂಚಿಕೊಂಡು ಕೂರಬೇಕು. ಮನೆಯಲ್ಲಿ ಮಾತೃಭಾಷೆ ಆಡುವವರು ಒಬ್ಬಿಬ್ಬರೇ ಉಳಿದ ಸಂಸಾರಗಳನ್ನು ನಾವು ಇದೇ ಊರಿನಲ್ಲಿ ಕಂಡಿದ್ದೇವೆ. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯುವುದಿಲ್ಲ.

ನಮ್ಮ ನಾಡಿನಲ್ಲಿಯೂ ಈ ವಿಷಯದಲ್ಲಿ ಒಳ್ಳೆಯ ಕೆಲಸ ನಡೆದಿದೆಯೆಂಬುದು ಹೆಮ್ಮೆಯ ಸಂಗತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೋಹಿಣಿ ಬಾಲಕೃಷ್ಣನ್ ಮತ್ತು ಅವರ ಶಿಷ್ಯರು ಚಿಮ್ಮಂಡೆಗಳ ದನಿಯನ್ನೇ ಹಿಡಿದು ಅಭ್ಯಾಸ ಮಾಡಿದ್ದಾರೆ. ಸ್ವಾತಿ ದಿವಾಕರ್ ಅವರೊಡನೆ ಕುದುರೆಮುಖದ ಕಾಡಿನಲ್ಲಿ ರಾತ್ರಿಯೆಲ್ಲ ಕಿವಿಗೊಟ್ಟು, ಯಾವ ಜಾತಿ ಯಾವ ಸ್ವರದಲ್ಲಿ, ಯಾವ ಹೊತ್ತಿನಲ್ಲಿ ಹಾಡುತ್ತದೆಂದು ಗುರುತು ಮಾಡಿದ ಅಧ್ಯಯನ ೨೦೦೭ರಲ್ಲಿ ಪ್ರಕಟವಾಯಿತು. ನಮಗೆ ಒಂದೇ ಗದ್ದಲವಾಗಿ ಕೇಳುವುದು ನಿಜಕ್ಕೂ ಹಲವು ಮೇಳಗಳ ಕಛೇರಿ. ಮರಚಿಮ್ಮಂಡೆಯ ವಿಷಯದಲ್ಲಿ ಇನ್ನೂ ತಮಾಷೆ. ಗಂಡು ಎಲೆಯೊಂದರಲ್ಲಿ ಕಡಿದು ತೂತು ಮಾಡಿ, ಅದರೊಳಗೆ ತಲೆ ತೂರಿಸಿ, ಎಲೆಗೆ ರೆಕ್ಕೆ ಆನಿಸಿ ಹಾಡುತ್ತದೆ. ಎಲೆ ಧ್ವನಿವರ್ಧಕವಾಗಿ ದನಿ ಬಹಳ ದೂರ ಹೋಗುತ್ತದೆ. ಈ ಉಪಾಯ ಹೂಡುವವರು ಹೆಚ್ಚಾಗಿ ಮೈಯಲ್ಲಿ ಸಣ್ಣವರು, ದನಿಯಲ್ಲಿ ಬಡವರು ಎಂದು ೨೦೨೦ರಲ್ಲಿ ಅದೇ ಸಂಸ್ಥೆಯವರು ಬರೆದರು. ಬಡವನಿಗೆ ಬುದ್ಧಿಯೇ ಬಂಡವಾಳ.

ಈಗ ನಮಗೆ ಪರಿಚಯವಿರುವ ಒಂದು ಮನೆಯ ಸಂಗತಿ ಹೇಳುತ್ತೇವೆ. ರಾಯಚೂರು ಜಿಲ್ಲೆಯ ಹಳ್ಳಿಯಿಂದ ಅಜ್ಜಿಯೊಬ್ಬರು ಮಗನ ಮನೆಯಲ್ಲಿರಲು ಇಲ್ಲಿಗೆ ಬಂದರು. ಬಂದ ಕೆಲವು ತಿಂಗಳಲ್ಲಿ ಅತ್ತೆ ಸೊಸೆಯರ ನಡುವೆ ಮುಸುಕಿನ ಗುದ್ದಾಟ. ಕರೆದರೆ ಓಗೊಡುವುದಿಲ್ಲ, ಒಂದು ಹೇಳಿದರೆ ಇನ್ನೊಂದು ಮಾಡುತ್ತಾರೆ, ಬೇಕೆಂದೇ ಮಾಡುತ್ತಾರೆ ಎಂದು ಸೊಸೆಯ ದೂರು. ಸೊಸೆ ಬಾಯಲ್ಲಿ ಮಣಮಣ ಅನ್ನುತ್ತಾಳೆ, ತನ್ನ ಬೆನ್ನ ಹಿಂದೆ ಏನೋ ಆಡಿಕೊಳ್ಳುತ್ತಾಳೆ ಎಂದು ಅತ್ತೆಯ ದುಃಖ. ಊರಿಗೆ ಹೋಗಿಬಿಡುತ್ತೇನೆಂದು ಗಂಟು ಕಟ್ಟುವವರೆಗೂ ಬಂತು. ಒಂದು ರಾತ್ರಿ ವರಾಂಡದಲ್ಲಿ ಕೂತು ಅಜ್ಜಿ, "ಎಂಥಾ ಊರಪ್ಪ ಇದು, ರಾತ್ರಿ ಒಂದು ಕಿರ್ರ್ ಅನ್ನೋ ಹುಳದ ದನಿ ಸೈತ ಇಲ್ಲ" ಎಂದರು. ಪಕ್ಕದಲ್ಲಿದ್ದ ಒಂಬತ್ತು ವರ್ಷದ ಮೊಮ್ಮಗ, "ಈಗ ಕೂಗ್ಲಿಕತ್ತದಲ್ಲ ಅಜ್ಜಿ, ನಿನಗ ಕೇಳಸಂಗಿಲ್ಲೇನು?" ಎಂದ. ಆ ಮಾತು ಮಗನ ಕಿವಿಗೆ ಬಿತ್ತು.

ವಯಸ್ಸಾದಂತೆ ನಮ್ಮ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಸ್ಥಾಯಿಯ ಸದ್ದುಗಳನ್ನು. ಚಿಮ್ಮಂಡೆಯ ದನಿ ಅಂಥದು. ಮಾತಿನಲ್ಲಿಯೂ ಸ, ಶ, ಚ ಮುಂತಾದ ಅಕ್ಷರಗಳ ಸ್ಪಷ್ಟತೆ ಇರುವುದು ಆ ಮೇಲಿನ ಸದ್ದುಗಳಲ್ಲೇ. ಅವು ಹೋದರೆ ಯಾರೋ ಮಾತಾಡುತ್ತಿರುವುದು ಕೇಳಿಸುತ್ತದೆ, ಏನೆಂದು ತಿಳಿಯುವುದಿಲ್ಲ. ಗಂಡಸಿನ ದಪ್ಪ ದನಿಗಿಂತ ಹೆಂಗಸರ, ಮಕ್ಕಳ ದನಿ ಹೆಚ್ಚು ಕಷ್ಟ. ಮಗನ ಮಾತು ತಿಳಿಯುತ್ತದೆ, ಸೊಸೆಯದು ತಿಳಿಯುವುದಿಲ್ಲ! ಎಷ್ಟು ಮನೆಗಳಲ್ಲಿ ಎಷ್ಟು ಮನಸ್ಸುಗಳು ಈ ಕಾರಣದಿಂದ ಒಡೆದಿಲ್ಲ? ಅಜ್ಜಿಯನ್ನು ಕಿವಿಯ ವೈದ್ಯರಲ್ಲಿಗೆ ಕರೆದೊಯ್ದರು, ಪರೀಕ್ಷೆಯಾಯಿತು, ಕಿವಿಗೆ ಯಂತ್ರ ಬಂತು. ಮೊದಲ ವಾರ ಕುಕ್ಕರಿನ ಸೀಟಿ ಮಿದುಳು ಕೊರೆಯುತ್ತದೆಂದು ಅದನ್ನು ತೆಗೆದು ಡಬ್ಬಿಯಲ್ಲಿಟ್ಟರು. ಆಮೇಲೆ ಅಭ್ಯಾಸವಾಯಿತು. ಒಂದು ರಾತ್ರಿ ಯಂತ್ರ ತೆಗೆಯುವ ಮುನ್ನ ಅಜ್ಜಿ ಸೊಸೆಯನ್ನು ಕರೆದು, "ಅದರ ಬಾಯಿ ಕಟ್ಟು ತಾಯಿ, ನಿದ್ದಿ ಬರವಲ್ದು" ಎಂದರಂತೆ. ಮನೆಯವರೆಲ್ಲ ನಕ್ಕರು; ಸೊಸೆ ಒಳಗೆ ಹೋಗಿ ಅತ್ತಳೆಂದು ಆಮೇಲೆ ಮಗನೇ ನಮಗೆ ಹೇಳಿದ. ನಿಮ್ಮ ಮನೆಯ ಹಿರಿಯರನ್ನೂ ಈ ಮಳೆಗಾಲ ಒಂದು ರಾತ್ರಿ ಹೊರಗೆ ಕೂರಿಸಿ, ಚಿಮ್ಮಂಡೆ ಕೇಳಿಸುತ್ತಿದೆಯೇ ಎಂದು ಕೇಳಿ ನೋಡಿ. ಇದು ವೈದ್ಯರ ಪರೀಕ್ಷೆಗೆ ಬದಲಲ್ಲ. ವೈದ್ಯರಲ್ಲಿಗೆ ಹೋಗಬೇಕೆಂಬುದಕ್ಕೆ ಒಂದು ಸೂಚನೆ, ಅಷ್ಟೇ. ನಲವತ್ತು ದಾಟಿದವರು ತಮ್ಮನ್ನೂ ಸೇರಿಸಿಕೊಳ್ಳುವುದು ಮೇಲು.

ಇನ್ನು ತೀರ್ಪು. ಆಪಾದಿತನ ಮೇಲೆ ಇರುವ ಆರೋಪಗಳು ಪೂರ್ತಿ ಸುಳ್ಳಲ್ಲ. ಸಸಿಮಡಿಯಲ್ಲಿ ಎಳೆ ಮೊಳಕೆ ಕಡಿಯುತ್ತದೆ. ಮನೆಯೊಳಗೆ ಸೇರಿದರೆ ಬಟ್ಟೆ ಕಡಿಯುವುದೂ ಉಂಟು. ಆದರೆ ಅದು ಕಚ್ಚಿ ವಿಷ ಹಾಕುವ ಪ್ರಾಣಿಯಲ್ಲ. ಔಷಧ ಹೊಡೆಸಿದರೆ ಅದರೊಡನೆ ಅದನ್ನು ತಿನ್ನುವ ಹಲ್ಲಿ ಕಪ್ಪೆಗಳಿಗೂ ವಿಷವಾಗುತ್ತದೆ. ಅಂಗಳದಲ್ಲಿ ಆಡುವ ಮಕ್ಕಳ ಕೈಗೂ ಹತ್ತುತ್ತದೆ. ಮಲಗುವ ಕೋಣೆಯ ಕಿಟಕಿಯ ಬಳಿ ಇಟ್ಟಿಗೆ, ಸೌದೆ, ಹಳೆಯ ಕುಂಡಗಳ ರಾಶಿಯಿದ್ದರೆ ಅದನ್ನು ತೆಗೆದು ಗೋಡೆಯ ಆಚೆ ಮೂಲೆಗೆ ಹಾಕಿಸಿ. ಹಾಡುಗಾರನೂ ಜೊತೆಗೆ ಹೋಗುತ್ತಾನೆ. ಹೊರಗಿನ ಬಿಳಿಯ ದೀಪದ ಬದಲು ಮಂದವಾದ ಹಳದಿ ದೀಪ ಹಾಕಿದರೆ ಹಾರಿಬರುವುದು ಕಡಮೆಯಾಗುತ್ತದೆ. ಒಳಗೆ ಬಂದುದನ್ನು ಲೋಟ ಕವುಚಿ, ಕೆಳಗೆ ಒಂದು ರಟ್ಟು ತೂರಿಸಿ, ಗಿಡಗಳ ಬಳಿ ಬಿಟ್ಟುಬಿಡಿ. ಆ ಕೆಲಸವನ್ನು ಮಗಳಿಗೇ ವಹಿಸಿರಿ. ಅವಳು ಅತ್ತದ್ದಕ್ಕೆ ಅದೇ ತಕ್ಕ ಬಹುಮಾನ. ಹೇಗೂ ಅವನು ಹಾಡುವುದು ಎರಡು ಮೂರು ತಿಂಗಳು. ಅಷ್ಟಕ್ಕೆ ಬಾಳೇ ಮುಗಿಯಿತು.

ಕಡೆಗೆ ಓದುಗರಲ್ಲಿ ಒಂದು ಬೇಡಿಕೆ. ಬೀದರದವರು, ಕಲಬುರಗಿಯವರು, ಧಾರವಾಡದವರು, ಮೈಸೂರಿನವರು, ಮಂಗಳೂರಿನವರು ಎಲ್ಲರೂ ಸೇರಿ ನಮ್ಮ ಈ ಸಂಘವಾಗಿದೆ. ಈ ಹುಳುವಿಗೆ ನಿಮ್ಮ ನಿಮ್ಮ ಊರಿನಲ್ಲಿ, ನಿಮ್ಮ ಅಜ್ಜಿ ತಾಯಿಯರ ಬಾಯಲ್ಲಿ ಯಾವ ಹೆಸರಿತ್ತು? ಹಿರಿಯರನ್ನು ಕೇಳಿ, ಊರಿನ ಹೆಸರಿನೊಡನೆ ಒಂದು ಕಾರ್ಡಿನಲ್ಲಿ ಬರೆದು ಸಂಪಾದಕರಿಗೆ ಕಳುಹಿಸಿರಿ. ಬಂದ ಹೆಸರುಗಳನ್ನೆಲ್ಲ ಮುಂದಿನ ಸಂಚಿಕೆಯಲ್ಲಿ ಜಿಲ್ಲೆವಾರು ಪಟ್ಟಿ ಮಾಡಿ ಅಚ್ಚು ಹಾಕುತ್ತೇವೆ. ಮಕ್ಕಳು ಬರೆದ ಕಾರ್ಡುಗಳಿಗೆ ಮೊದಲ ಸ್ಥಾನ.